ಮನೆ ಮತ್ತು ನೆಲೆ



ಕಳೆದ ಶ್ರಾವಣಮಾಸದ ಒಂದು ಸೋಮವಾರ, ಪೂಜೆ ಪ್ರಸಾದಗಳು ಮುಗಿದು ಭಕ್ತರೆಲ್ಲ ಚದುರಿದ ಮೇಲೆ, ತಂದೆ ಮಗ ಇಬ್ಬರು ನಮ್ಮೆದುರಿಗೆ ಬಂದು ಕುಳಿತರು. ಮಗನು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಎಂಜಿನಿಯರಿಂಗ್ ಪದವಿ ಪಡೆದು, ಹುಬ್ಬಳ್ಳಿಯಲ್ಲಿ ಎರಡು ವರ್ಷ ದುಡಿದು, ಈಗ ಬೆಂಗಳೂರಿನಲ್ಲಿ ಹೊಸ ಉದ್ಯೋಗ ದೊರೆತು ಹೊರಟು ನಿಂತಿದ್ದನು. ತಂದೆ ನಾಲ್ಕು ಎಕರೆ ಎರೆಹೊಲದಲ್ಲಿ ಜೋಳ ಕಡಲೆ ಬೆಳೆದು ಮಕ್ಕಳನ್ನು ಓದಿಸಿದ ರೈತರು. ಇಬ್ಬರ ಮುಖದಲ್ಲಿಯೂ ಜಗಳವಾಡಿ ಬಂದವರ ಬಿಗುವು ಕಾಣುತ್ತಿತ್ತು.

ತಂದೆಯೇ ಮೊದಲು ಬಾಯಿ ತೆರೆದರು: “ಅಜ್ಜಾರ, ನಾನು ಅರವತ್ತು ವರ್ಷ ಸ್ವಂತ ಮನ್ಯಾಗ ಬಾಳೇ ಮಾಡಿದಾಂವ. ನನ್ನ ಮಗ ಮಂದಿ ಮನ್ಯಾಗ ತಿಂಗಳಾ ತಿಂಗಳಾ ರೊಕ್ಕ ಎಣಿಸಿ ಕೊಟ್ಟು ಇರೂದು ನನ್ನ ಮನಸ್ಸಿಗೆ ಬರವಲ್ದು. ಎರಡು ಎಕರೆ ಮಾರಿ ಕೊಡ್ತೀನ್ರಿ. ಉಳಿದದ್ದು ಬ್ಯಾಂಕಿನ ಸಾಲ ಮಾಡಲಿ, ಒಂದು ಮನಿ ತಗೊಳ್ಳಲಿ. ಬಾಡಿಗಿ ಮನ್ಯಾಗ ಇರೋ ಹುಡುಗಗ ಹೆಣ್ಣು ಯಾರು ಕೊಡ್ತಾರ್ರಿ?”

ಮಗನು ತಲೆ ತಗ್ಗಿಸಿ ಹೇಳಿದನು: “ಈ ನೌಕರಿ ಎಷ್ಟು ದಿನ ಇರತದೋ ನನಗs ಗೊತ್ತಿಲ್ರಿ ಅಜ್ಜಾರ. ಆದರ ಬಾಡಿಗಿ ಕೊಡೂದು ಅಂದ್ರ ಹೊಳಿಯಾಗ ಹುಣಸಿಹಣ್ಣು ತೊಳದಂಗ ಅಂತ ಎಲ್ಲಾರೂ ಅಂತಾರ. ಏನು ಮಾಡಬೇಕು ತಿಳಿಯವಲ್ದು.”

ಆ ದಿನ ಅವರಿಗೆ ನಾವು ಹೇಳಿದ್ದು ನಾಲ್ಕೇ ಮಾತು. ಆದರೆ ಇದೇ ಪ್ರಶ್ನೆಯನ್ನು ಹೊತ್ತು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿಗಳು ನೂರಾರು ಮಂದಿ ಇದ್ದಾರೆ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದಿಡಲು ಬಯಸುತ್ತೇವೆ.

‘ಮನೆ ಕೊಳ್ಳಬೇಕೋ ಬಾಡಿಗೆಗೆ ಹಿಡಿಯಬೇಕೋ ಎಂಬುದು ದಲ್ಲಾಳಿಗಳನ್ನು ಕೇಳುವ ಮಾತು. ಮನೆಮಾರು ಬಿಟ್ಟ ಸ್ವಾಮಿಗಳಿಗೆ ಇದರ ಗೊಡವೆಯೇಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ವೀರಶೈವ ದರ್ಶನವು ಜಗತ್ತನ್ನು ಮಿಥ್ಯೆಯೆಂದು ತಳ್ಳಿದ ದರ್ಶನವಲ್ಲ. ಶಕ್ತಿವಿಶಿಷ್ಟಾದ್ವೈತದಲ್ಲಿ ಜಗತ್ತು ಶಿವನ ಶಕ್ತಿಯ ವಿಲಾಸ, ಅದು ಸತ್ಯ. ಜಗತ್ತು ಸತ್ಯವಾದರೆ ಅದರೊಳಗಿನ ಮನೆಯೂ ಸತ್ಯ, ಮನೆಯ ಸಾಲವೂ ಸತ್ಯ, ಸಾಲದ ಚಿಂತೆಯಿಂದ ನಿದ್ರೆಗೆಟ್ಟ ಗೃಹಸ್ಥನ ಸಂಕಟವೂ ಸತ್ಯ. ಸಂಸಾರದಲ್ಲಿದ್ದುಕೊಂಡೇ ಸದ್ಗತಿಯನ್ನು ಸಾಧಿಸಬೇಕೆಂದು ಬೋಧಿಸುವ ಧರ್ಮವು ಸಂಸಾರಿಯ ಬಾಳಿನ ಅತ್ಯಂತ ದೊಡ್ಡ ವ್ಯವಹಾರದ ವಿಷಯದಲ್ಲಿ ಮೌನವಾಗಿರಲಾಗದು. ಸತ್ಯಶುದ್ಧ ಕಾಯಕದಿಂದ ಹಣ ಗಳಿಸಬೇಕೆಂದು ಹೇಳುವಾಗ ಆ ಹಣವನ್ನು ಎಲ್ಲಿ ಕಟ್ಟಿಹಾಕಬೇಕೆಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

ಉದ್ಯೋಗಕ್ಕಾಗಿ ಊರು ಬಿಡುವುದು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದದ್ದು ಅರಿವಿಗಾಗಿ. ಅಲ್ಲಿಂದ ಮಂಗಳವೇಡೆಗೆ ಹೋದಾಗ ಅವರು ಕೈಗೊಂಡದ್ದು ಕರಣಿಕನ ಕೆಲಸ. ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಆ ಊರಿನಿಂದ ಕಲ್ಯಾಣಕ್ಕೆ ನಡೆದದ್ದು ಬಿಜ್ಜಳನ ಭಂಡಾರದ ಹೊಣೆ ಹೊತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ವರ್ಗಾವಣೆಯೇ. 12ನೆಯ ಶತಮಾನದ ಕಲ್ಯಾಣವೆಂದರೆ ಹುಟ್ಟೂರನ್ನು ಬಿಟ್ಟು ಬಂದವರಿಂದ ತುಂಬಿದ ಪಟ್ಟಣ. ಬಳ್ಳಿಗಾವೆಯ ಅಲ್ಲಮಪ್ರಭುಗಳು ಬಂದರು, ಉಡುತಡಿಯ ಅಕ್ಕ ಬಂದಳು, ಸೊನ್ನಲಿಗೆಯ ಸಿದ್ಧರಾಮರು ಬಂದರು, ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಬಂದರು. ಕಾಶ್ಮೀರದ ಅರಸನೇ ಬಂದು ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಇವರಲ್ಲಿ ಯಾರ ಹಿರಿಮೆಯನ್ನೂ ನಾವು ಅವರಿಗಿದ್ದ ಮನೆಯಿಂದ ಅಳೆಯುವುದಿಲ್ಲ. ಹಾಗಿರುವಾಗ ಇಂದಿನ ತರುಣನ ಯೋಗ್ಯತೆಯನ್ನು ಅವನ ಮನೆಯ ಪತ್ರದಿಂದ ಅಳೆಯುವ ರೂಢಿ ನಮ್ಮಲ್ಲಿ ಎಲ್ಲಿಂದ ಬಂದಿತು?

ನಮ್ಮ ಹಳೆಯ ದಸ್ತಾವೇಜುಗಳಲ್ಲಿ ಆಸ್ತಿಯನ್ನು ಸ್ಥಾವರ ಮತ್ತು ಜಂಗಮ ಎಂದು ಎರಡಾಗಿ ವಿಂಗಡಿಸಿ ಬರೆಯುತ್ತಿದ್ದರು. ನಿಂತಲ್ಲಿಯೇ ನಿಲ್ಲುವುದು ಸ್ಥಾವರ. ಒಯ್ದಲ್ಲಿಗೆ ಬರುವುದು ಜಂಗಮ. ಇದೇ ಎರಡು ಶಬ್ದಗಳನ್ನು ಶರಣರು ಎತ್ತಿಕೊಂಡು ಅವುಗಳಿಗೆ ಎಂತಹ ಅರ್ಥ ತುಂಬಿದರೆಂಬುದು ನಿಮಗೆ ತಿಳಿದೇ ಇದೆ. ಗುಡಿಯ ಲಿಂಗದೆದುರು ಮಾತ್ರ ದೇವರಿದ್ದಾನೆಂಬ ಕಟ್ಟನ್ನು ಬಿಡಿಸಿ, ಇಷ್ಟಲಿಂಗವನ್ನು ಭಕ್ತನ ಕೊರಳಿಗೆ ಕಟ್ಟಿದರು. ಅಂದಿನಿಂದ ಭಕ್ತನು ಎಲ್ಲಿ ಕುಳಿತರೆ ಅಲ್ಲಿಯೇ ಪೂಜೆ. ಬಾಡಿಗೆ ಕೋಣೆಯ ಮೂಲೆಯಲ್ಲಿ ಮಾಡಿದ ಲಿಂಗಪೂಜೆಗೂ ಸ್ವಂತ ಬಂಗಲೆಯ ಅಮೃತಶಿಲೆಯ ಕೋಣೆಯಲ್ಲಿ ಮಾಡಿದ ಲಿಂಗಪೂಜೆಗೂ ತೂಕದಲ್ಲಿ ಕೂದಲೆಳೆಯ ಅಂತರವಿಲ್ಲ. ನೆಲೆ ಬೇರೆ, ಮನೆ ಬೇರೆ. ನೆಲೆ ಒಳಗಿನದು, ಮನೆ ಅದಕ್ಕೆ ಹೊರಗಿನ ಆಸರೆ. ಆಸರೆ ಬೇಡವೆಂದು ನಾವು ಹೇಳುತ್ತಿಲ್ಲ. ಆಸರೆಯನ್ನೇ ನೆಲೆಯೆಂದು ಭ್ರಮಿಸಿದಲ್ಲಿ ಕಷ್ಟ ಮೊದಲಾಗುತ್ತದೆ. ಗ್ರೀಕರ ತತ್ತ್ವಜ್ಞಾನಿ ಅರಿಸ್ಟಾಟಲನೂ ಸಂಪತ್ತಿನ ಸಾರ ಒಡೆತನಕ್ಕಿಂತ ಹೆಚ್ಚಾಗಿ ಉಪಯೋಗದಲ್ಲಿದೆಯೆಂದು ತನ್ನ ‘ರೆಟರಿಕ್’ ಗ್ರಂಥದಲ್ಲಿ ಹೇಳುತ್ತಾನೆ.

ಇನ್ನು ಹೊಳೆಯಲ್ಲಿ ತೊಳೆದ ಹುಣಸೇಹಣ್ಣಿನ ಮಾತಿಗೆ ಬರೋಣ. ಬಸವಣ್ಣನವರು ಕರಣಿಕರಾಗಿದ್ದವರು. ಅವರ ಅನುಯಾಯಿಗಳಾದ ನಾವು ಲೆಕ್ಕಕ್ಕೆ ಅಂಜಬೇಕಾಗಿಲ್ಲ. 62 ಲಕ್ಷ 50 ಸಾವಿರ ರೂಪಾಯಿಯ ಒಂದು ಸಾಧಾರಣ ಫ್ಲ್ಯಾಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಈ ಬೆಲೆಯ ಮನೆಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ನೂರಕ್ಕೆ 80ರವರೆಗೆ, ಅಂದರೆ 50 ಲಕ್ಷ, ಸಾಲ ಕೊಡಬಹುದು. ಉಳಿದ 12 ಲಕ್ಷ 50 ಸಾವಿರವನ್ನು ಕೊಳ್ಳುವವನೇ ಹೊಂದಿಸಬೇಕು. ಕರ್ನಾಟಕದಲ್ಲಿ ಇಂತಹ ಮನೆಗೆ ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲೆ ಉಪಕರ, ಮೇಲ್ತೆರಿಗೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. ಎಲ್ಲ ಕೂಡಿ ಸುಮಾರು ನೂರಕ್ಕೆ 7.6. ಎಂದರೆ ಉಪನೋಂದಣಿ ಕಚೇರಿಯ ಮೆಟ್ಟಿಲು ಇಳಿಯುವ ಹೊತ್ತಿಗೆ 4 ಲಕ್ಷ 75 ಸಾವಿರ ಕೈಬಿಟ್ಟಿರುತ್ತದೆ. ನಾಳೆಯೇ ಮನೆ ಮಾರಿದರೂ ಅದು ಮರಳಿ ಬಾರದು.

ಆ 50 ಲಕ್ಷದ ಸಾಲಕ್ಕೆ ನೂರಕ್ಕೆ 8.5ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು 43,391 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಗೆ ಹೋಗುವುದು 35,417. ಅಸಲಿಗೆ ಜಮೆಯಾಗುವುದು 8,000ಕ್ಕೂ ಕಡಮೆ. ಮೂರು ವರ್ಷ ತಪ್ಪದೆ ಕಂತು ಕಟ್ಟಿದವನು ಒಟ್ಟು 15 ಲಕ್ಷ 62 ಸಾವಿರ ತೆತ್ತಿರುತ್ತಾನೆ. ಅವನ ಸಾಲ ಇಳಿದಿರುವುದು ಮಾತ್ರ ಸುಮಾರು 3 ಲಕ್ಷ 26 ಸಾವಿರ. ಉಳಿದ 12 ಲಕ್ಷಕ್ಕೂ ಮಿಕ್ಕ ಹಣ ಬಡ್ಡಿ. ಅದಕ್ಕೆ ನೋಂದಣಿಯ ಖರ್ಚನ್ನು ಕೂಡಿಸಿದರೆ ಸುಮಾರು 17 ಲಕ್ಷ ಮರಳಿ ಬಾರದ ಹಣವಾಯಿತು. ಅಂತಹುದೇ ಮನೆಯನ್ನು ತಿಂಗಳಿಗೆ 20,000 ಬಾಡಿಗೆಗೆ ಹಿಡಿದಿದ್ದರೆ ಮೂರು ವರ್ಷಕ್ಕೆ ಹೋಗುತ್ತಿದ್ದುದು 7 ಲಕ್ಷ 20 ಸಾವಿರ. ವರ್ಷವರ್ಷದ ಏರಿಕೆ ಸೇರಿದರೂ ಅದಕ್ಕಿಂತ ಬಹಳ ಹೆಚ್ಚಲ್ಲ. ಬಾಡಿಗೆ ಹೊಳೆಯಲ್ಲಿ ತೊಳೆದ ಹುಣಸೇಹಣ್ಣಾದರೆ ಬಡ್ಡಿ ಏನು? ಅದೂ ಹುಣಸೇಹಣ್ಣೇ, ತೊಳೆಯುವ ಹೊಳೆ ಬೇರೆ, ಅಷ್ಟೆ. ಮೂರು ವರ್ಷದಲ್ಲಿ ಮನೆಯ ಬೆಲೆ ಸುಮಾರು 10 ಲಕ್ಷ ಏರಿದರೆ ಮಾತ್ರ ಕೊಂಡವನು ಬಾಡಿಗೆಯವನಿಗೆ ಸರಿಸಮನಾಗುತ್ತಾನೆ. ಏರಬಹುದು, ಏರದೆಯೂ ಇರಬಹುದು. ಬಡ್ಡಿಯ ದರವೂ ನಿಂತಲ್ಲಿ ನಿಲ್ಲುವುದಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ನೂರಕ್ಕೆ 4ರಿಂದ 6.5ಕ್ಕೆ ಏರಿಸಿದಾಗ, ಕಡಮೆ ಬಡ್ಡಿಯನ್ನು ನಂಬಿ ಬದಲಾಗುವ ದರದ ಸಾಲ ಮಾಡಿದ್ದವರಿಗೆ ಕಂತು ಹೆಚ್ಚಿತು, ಇಲ್ಲವೆ ಕಟ್ಟುವ ವರ್ಷಗಳು ಹೆಚ್ಚಿದವು.

ಇದನ್ನು ಓದಿ ‘ಹಾಗಾದರೆ ಮನೆ ಕೊಳ್ಳುವುದೇ ಮೂರ್ಖತನ’ ಎಂದು ತೀರ್ಮಾನಿಸಬೇಡಿರಿ. ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. 20,000ದ ಬಾಡಿಗೆ ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ 17ನೆಯ ವರ್ಷಕ್ಕೆ ಆ ಕಂತನ್ನು ದಾಟುತ್ತದೆ. ಕಂತು 20 ವರ್ಷಕ್ಕೆ ಮುಗಿಯುತ್ತದೆ, ಬಾಡಿಗೆಗೆ ಕೊನೆಯಿಲ್ಲ. ನಿವೃತ್ತನಾದ ಮೇಲೆ, ದೇಹದ ಶಕ್ತಿ ಕುಂದಿದ ಮೇಲೆ, ‘ಮನೆ ಖಾಲಿ ಮಾಡಿರಿ’ ಎಂಬ ಮಾತು ಕೇಳಬೇಕಾದ ವೃದ್ಧರ ದುಃಖ ಸಣ್ಣದಲ್ಲ. ಮಕ್ಕಳ ಶಾಲೆ, ಮುಪ್ಪಿನ ತಾಯಿತಂದೆಗಳ ಆರೈಕೆ ಇವಕ್ಕೆಲ್ಲ ಒಂದೇ ಸೂರಿನಡಿಯ ಸ್ಥಿರತೆ ಬೇಕು. ಆದುದರಿಂದ ಇಡೀ ಲೆಕ್ಕ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಆ ಊರಿನಲ್ಲಿ ನೀನು ಎಷ್ಟು ವರ್ಷ ಇರುವೆ? ಹೊಸದಾಗಿ ಉದ್ಯೋಗಕ್ಕೆ ಹೋಗುವವನಿಗೆ ಗೊತ್ತಿಲ್ಲದಿರುವುದೂ ಅದೊಂದೇ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಅರಿವಿನ ಮೊದಲ ಮೆಟ್ಟಿಲು. ಅದನ್ನು ಒಪ್ಪಿಕೊಳ್ಳಲಾರದ ಅಂಜಿಕೆಯು 20 ವರ್ಷದ ಸಾಲದ ಕಾಗದಕ್ಕೆ ಸಹಿ ಹಾಕಿಸಿ, ಅದನ್ನೇ ಭದ್ರತೆಯೆಂದು ಕರೆಯುತ್ತದೆ.

ಇಷ್ಟು ಹೇಳಿದರೆ ಲೆಕ್ಕ ಮುಗಿಯಿತು. ಧರ್ಮದ ಮಾತು ಇನ್ನು ಮೇಲೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹಳೆಯ ವಿದ್ಯಾರ್ಥಿ ನಮ್ಮಲ್ಲಿಗೆ ಬಂದಿದ್ದನು. ದೂರದ ನಗರವೊಂದರ ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಅವನದು. ಕೆಲಸಕ್ಕೆ ಸೇರಿದ ವರ್ಷದಲ್ಲಿಯೇ ತನ್ನ ಶಕ್ತಿಗೆ ಮೀರಿದ ಮನೆ ಕೊಂಡಿದ್ದನು. ಸ್ವಲ್ಪ ಕಾಲದ ಮೇಲೆ ಮೇಲಧಿಕಾರಿಗಳು ಸುಳ್ಳು ಬಿಲ್ಲುಗಳಿಗೆ ಸಹಿ ಹಾಕುವಂತೆ ಹೇಳಿದರು. ಅವನು ಒಳ್ಳೆಯ ಹುಡುಗ. ಪ್ರಸಾದನಿಲಯದಲ್ಲಿದ್ದಾಗ ಬೇರೆಯವರ ಒಂದು ಪೆನ್ಸಿಲನ್ನೂ ಮುಟ್ಟಿದವನಲ್ಲ. ಆದರೂ ಸಹಿ ಹಾಕಿದನು. “ಬಿಟ್ಟು ಬರಬಹುದಿತ್ತಲ್ಲ ತಮ್ಮಾ?” ಎಂದು ಕೇಳಿದೆವು. “ಐದನೇ ತಾರೀಖಿಗೆ ಕಂತು ಬರತದ್ರಿ ಅಜ್ಜಾರ” ಎಂದನು. ಅವನ ಮಾತು ಕೇಳಿ ನಮಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಂದು ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅವನು ಮನೆಯನ್ನು ಕೊಂಡುಕೊಂಡನೆಂದು ಊರವರೆಲ್ಲ ಹೊಗಳಿದ್ದರು, ಗೃಹಪ್ರವೇಶಕ್ಕೆ ನಾವೇ ಆಶೀರ್ವಾದ ಪತ್ರ ಕಳುಹಿಸಿದ್ದೆವು. ಮನೆಯೇ ಅವನನ್ನು ಕೊಂಡುಕೊಂಡಿತೆಂಬುದು ನಮಗಾರಿಗೂ ತಿಳಿಯಲಿಲ್ಲ.

ಸಾಲ ಮಾಡಿದವರೆಲ್ಲ ಹೀಗಾಗುತ್ತಾರೆಂದು ನಾವು ಹೇಳುವುದಿಲ್ಲ. ಕಂತು ಕಟ್ಟುತ್ತಲೇ ಧೈರ್ಯವಾಗಿ ‘ಇಲ್ಲ’ ಎಂದವರೂ ಇದ್ದಾರೆ. ಬಾಡಿಗೆ ಮನೆಯಲ್ಲಿದ್ದು ಲಂಚಕ್ಕೆ ಕೈಚಾಚಿದವರೂ ಇದ್ದಾರೆ. ಆದರೆ ಮನುಷ್ಯನ ಧೈರ್ಯಕ್ಕೆ ಒಂದು ಮಿತಿಯುಂಟು. ಅದರ ಮೇಲೆ ಎಷ್ಟು ಭಾರ ಹೇರಬಹುದೆಂಬುದನ್ನು ಮೊದಲೇ ಯೋಚಿಸುವುದು ವಿವೇಕ. ಆರು ತಿಂಗಳು ಸಂಬಳ ಬಾರದಿದ್ದರೂ ಹೆಂಡತಿ ಮಕ್ಕಳು ಉಪವಾಸವಿರಲಾರರು, ಸೂರು ಕೈತಪ್ಪಿ ಹೋಗಲಾರದು ಎಂಬ ಸ್ಥಿತಿಯಲ್ಲಿರುವವನು ಅಧರ್ಮಕ್ಕೆ ಬೆನ್ನು ತಿರುಗಿಸಬಲ್ಲನು. ಹಾಗಿಲ್ಲದವನಿಗೆ ಅದು ಅಸಾಧ್ಯವಲ್ಲ, ಬಲು ಕಷ್ಟ. ಆದುದರಿಂದ ನಮ್ಮ ಮೊದಲ ಸೂತ್ರ ಇದು: ಮನೆಯು ಕಾಯಕವನ್ನು ಹಿಂಬಾಲಿಸಬೇಕು, ಕಾಯಕವು ಮನೆಯನ್ನು ಹಿಂಬಾಲಿಸಬಾರದು. ಸತ್ಯಶುದ್ಧವಾದ ಕಾಯಕಕ್ಕೆ ಬಾಡಿಗೆ ಮನೆ ಅನುಕೂಲವಾಗುವವರೆಗೆ ಬಾಡಿಗೆಯೇ ಧರ್ಮ. ಸ್ವಂತ ಮನೆ ಅನುಕೂಲವಾದಂದು ಕೊಳ್ಳುವುದೇ ಧರ್ಮ.

ಎರಡನೆಯದು ಹೊಲದ ವಿಚಾರ. ಮಗನಿಗೆ ನಗರದಲ್ಲಿ ಮನೆಯಾಗಲೆಂದು ಹಳ್ಳಿಯ ಹೊಲ ಮಾರುವ ತಂದೆಯ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ, ಆದರೆ ಒಪ್ಪಲಾರೆವು. ಆ ಹೊಲ ಇಬ್ಬರು ಮುದುಕರ ಅನ್ನ. ಬೆಂಗಳೂರಿನ ಉದ್ಯೋಗ ಹೋದರೆ ಮತ್ತೊಂದು ಉದ್ಯೋಗ ಸಿಕ್ಕೀತು. ಮಾರಿದ ಎರೆಹೊಲ ಮರಳಿ ಸಿಕ್ಕುವುದು ಅಪರೂಪ. 2020ರಲ್ಲಿ ಮಹಾಮಾರಿಯ ಕಾರಣದಿಂದ ಊರೂರು ಬಾಗಿಲು ಮುಚ್ಚಿದಾಗ ನಗರಕ್ಕೆ ಹೋದವರು ಹಳ್ಳಿಗೆ ಮರಳಿ ಬಂದುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಅಂದು ಅವರನ್ನು ಸಾಕಿದ್ದು ಮನೆಯ ಹಗೇವಿನ ಜೋಳ. ನಿಶ್ಚಿತವಾದುದನ್ನು ಮಾರಿ ಅನಿಶ್ಚಿತವಾದುದನ್ನು ಕೊಳ್ಳುವುದಕ್ಕೆ ಮುನ್ನ ನೂರು ಸಲ ಯೋಚಿಸಬೇಕು. ಹೆಣ್ಣು ಕೊಡುವವರ ಮಾತೂ ಅಷ್ಟೆ. ಸಾಲದ ಮನೆಯನ್ನು ತೋರಿಸಿ ತಂದ ಸೊಸೆಯು ಸಾಲವನ್ನೂ ಹೊರಬೇಕಾಗುತ್ತದೆ. ಹೆಣ್ಣು ಹೆತ್ತವರಿಗೆ ನಮ್ಮ ವಿನಂತಿ: ವರನಿಗೆ ಸ್ವಂತ ಮನೆಯಿದೆಯೇ ಎಂದು ಕೇಳುವುದಕ್ಕೆ ಮುಂಚೆ, ಅವನಿಗೆ ದುಡಿಮೆಯಿದೆಯೇ, ದುಶ್ಚಟಗಳಿಲ್ಲವೇ, ಸಾಲವೆಷ್ಟಿದೆ ಎಂದು ಕೇಳಿರಿ.

ಮೂರನೆಯದು ಅಳತೆಯ ವಿಚಾರ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಆಯ್ದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹೇಳಿದ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ನೀವೆಲ್ಲ ಕೇಳಿದ್ದೀರಿ. ಕೇಳಿ ಕಣ್ಣೊರೆಸಿಕೊಂಡಿದ್ದೀರಿ. ಆದರೆ ಮನೆ ನೋಡಲು ಹೋದಾಗ ಲಕ್ಕಮ್ಮ ನೆನಪಿಗೆ ಬರುವುದಿಲ್ಲ. ಇಬ್ಬರಿಗೆ ಎರಡು ಕೋಣೆ ಸಾಕಾಗಿದ್ದರೂ, ವರ್ಷಕ್ಕೊಮ್ಮೆ ಬರುವ ನೆಂಟರಿಗೆಂದು ಮೂರನೆಯ ಕೋಣೆಗೆ ಹದಿನೈದು ಲಕ್ಷ ಹೆಚ್ಚು ಸಾಲ ಮಾಡುತ್ತೇವೆ. ಆ ಕೋಣೆಯಲ್ಲಿ ಮಲಗುವವರು ಯಾರು? ವರ್ಷವಿಡೀ ಅಲ್ಲಿ ಮಲಗಿರುವುದು ನಮ್ಮ ಪ್ರತಿಷ್ಠೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದರು ಹಿರಿಯರು. ಹಾಸಿಗೆಯನ್ನೇ ಸಾಲವಾಗಿ ತಂದು ಕಾಲು ಚಾಚುವುದು ನಮ್ಮ ಕಾಲದ ರೀತಿಯಾಗಿದೆ.

ಹಾಗೆಂದು ಬಾಡಿಗೆಯವನೇ ಪುಣ್ಯವಂತನೆಂದು ಹೇಳಿದರೆ ಅರ್ಧಸತ್ಯವಾಗುತ್ತದೆ. ‘ಇದು ನನ್ನ ಮನೆಯಲ್ಲ’ ಎಂಬ ಭಾವವು ವೈರಾಗ್ಯವಾಗಿಯೂ ಇರಬಹುದು, ಉಡಾಫೆಯಾಗಿಯೂ ಇರಬಹುದು. ನಲ್ಲಿ ಸೋರಿದರೆ ಸೋರಲಿ, ಗೋಡೆ ಕೆಟ್ಟರೆ ಕೆಡಲಿ, ನೆರೆಮನೆಯ ಮುದುಕಿ ಸತ್ತರೂ ನನಗೇನು, ಈ ಊರಿನ ಕೆರೆ, ಬೀದಿ, ಶಾಲೆಗಳ ಗೊಡವೆ ನನಗೇಕೆ ಎನ್ನುವವನು ಬಾಡಿಗೆ ಮನೆಯಲ್ಲಿ ಮಾತ್ರವಲ್ಲ, ಬಾಡಿಗೆ ಬದುಕಿನಲ್ಲಿದ್ದಾನೆ. ನಾವು ವಿಶ್ವವಿದ್ಯಾಲಯದಲ್ಲಿ ಓದುವಾಗ ಎರಡು ವರ್ಷ ಧಾರವಾಡದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಮನೆಯೊಡತಿ ವಯಸ್ಸಾದ ವಿಧವೆ. ಪ್ರತಿ ಬಾಡಿಗೆದಾರನೂ ಬಿಟ್ಟು ಹೋಗುವ ಮೊದಲು ಹಿತ್ತಲಿನಲ್ಲಿ ಒಂದು ಗಿಡ ನೆಡಬೇಕೆಂಬುದು ಆಕೆಯ ಕರಾರು, ಕಾಗದದಲ್ಲಿ ಬರೆದದ್ದಲ್ಲ. ನಾವು ನೆಟ್ಟದ್ದು ಕರಿಬೇವು. ಅದರ ಎಲೆಯನ್ನು ನಾವು ಒಂದು ದಿನವೂ ತಿನ್ನಲಿಲ್ಲ. ತನ್ನದಾಗದ ನೆಲದಲ್ಲಿ ಇನ್ನೊಬ್ಬರಿಗಾಗಿ ನೆಡುವುದೆಂದರೇನೆಂದು ಪಾಠಶಾಲೆಯಲ್ಲಿ ಕಲಿತ ದಾಸೋಹದ ಶಾಸ್ತ್ರ ನಮಗೆ ಅಂದು ಸ್ವಲ್ಪ ಅರ್ಥವಾಯಿತು.

ಬಾಡಿಗೆಯವನ ಧರ್ಮ ದೊಡ್ಡದೇನಲ್ಲ. ಹೇಳಿದ ದಿನಕ್ಕೆ ಬಾಡಿಗೆ ಕೊಡುವುದು, ಕೈಗೆ ಬಂದ ಸ್ಥಿತಿಯಲ್ಲಿಯೇ ಮನೆಯನ್ನು ಹಿಂದಿರುಗಿಸುವುದು, ಬಿಡುವ ಮುನ್ನ ಕರಾರಿನಂತೆ ತಿಳಿಸುವುದು. ಕರಾರುಪತ್ರವನ್ನು ಓದಿ ಸಹಿ ಹಾಕುವುದೂ ಅದರಲ್ಲಿ ಸೇರಿದೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರವನ್ನು ನೋಂದಾಯಿಸಲೇಬೇಕಾದ್ದರಿಂದ 11 ತಿಂಗಳಿಗೆ ಕರಾರು ಬರೆಯುವ ರೂಢಿ ಬೆಳೆದಿದೆ. ಇದನ್ನು ತಿಳಿಯದೆ, 11 ತಿಂಗಳಿಗೆ ತಮ್ಮನ್ನು ಹೊರಹಾಕುವರೆಂದು ಅಂಜುವ ಮುಗ್ಧರು ಈಗಲೂ ಇದ್ದಾರೆ. ಒಳ್ಳೆಯ ಮಾಲೀಕನಿದ್ದಲ್ಲಿ ಕರಾರು ವರ್ಷ ವರ್ಷ ಮುಂದುವರಿಯುತ್ತದೆ.

‘ಒಳ್ಳೆಯ ಮಾಲೀಕ’ ಎಂದೆವಷ್ಟೆ. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಈಗ ಮಾಲೀಕರಾಗಿದ್ದೀರಿ. ಕೆಳಗೆ ತಾವಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೀರಿ. ಸಂತೋಷ. ನಿಮಗೆ ಒಂದು ಕಟುವಾದ ಮಾತು ಹೇಳಬೇಕಾಗಿದೆ. ಗುರುವಿನ ಸ್ಥಾನದಿಂದಲ್ಲ, ಮನೆಯ ಹಿರಿಯನ ಸ್ಥಾನದಿಂದ ಎಂದು ತಿಳಿಯಿರಿ. ಮನೆ ಕೇಳಲು ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ‘ನೀವು ಯಾವ ಪೈಕಿ?’ ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲಿಯೂ ಇದೆ. ‘ಲಿಂಗವಂತರಿಗೆ ಮಾತ್ರ’ ಎಂದು ನೇರವಾಗಿ ಹೇಳುವವರೂ ಉಂಟು, ನಯವಾಗಿ ‘ಮನೆ ಈಗಾಗಲೇ ಹೋಗಿದೆ’ ಎನ್ನುವವರೂ ಉಂಟು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯನವರ ಭಾವಚಿತ್ರಗಳನ್ನು ಪಡಸಾಲೆಯಲ್ಲಿ ತೂಗುಹಾಕಿ, ಅವರ ಕುಲದ ಹುಡುಗನೊಬ್ಬ ಉದ್ಯೋಗ ಹಿಡಿದು ಊರಿಗೆ ಬಂದು ಬಾಗಿಲು ತಟ್ಟಿದರೆ ಮನೆಯಿಲ್ಲವೆನ್ನುವುದು ಎಂತಹ ಶರಣಧರ್ಮ? ಬಾಡಿಗೆಯ ಬಾಳಿನಲ್ಲಿ ಗೌರವವಿಲ್ಲವೆಂದು ನಮ್ಮ ಮಕ್ಕಳು ಅಂಜುವುದಾದರೆ, ಆ ಅಂಜಿಕೆಯನ್ನು ಹುಟ್ಟಿಸಿದವರಲ್ಲಿ ನಾವೂ ಇದ್ದೇವೆ. ನಮ್ಮ ಮಗ ಇನ್ನೊಂದೂರಿನಲ್ಲಿ ಯಾರದೋ ಬಾಗಿಲಲ್ಲಿ ನಿಂತಾಗ ಅವನನ್ನು ಯಾವ ಪ್ರಶ್ನೆ ಕೇಳಬಾರದೆಂದು ಬಯಸುತ್ತೇವೆಯೋ ಅದನ್ನು ನಾವೂ ಕೇಳಬಾರದು.

ಮುಂಗಡದ ವಿಷಯವೂ ಹೀಗೆಯೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ಬಂದಿದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ 2 ಲಕ್ಷವನ್ನು ಎಲ್ಲಿಂದ ತರಬೇಕು? ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ರಾಜ್ಯವು ಕಾಯಿದೆ ಮಾಡುವವರೆಗೆ ಭಕ್ತನು ಕಾಯಬೇಕೆಂದೇನೂ ಇಲ್ಲ. ಇನ್ನು ಮನೆ ಬಿಡುವಾಗ ಸುಣ್ಣಬಣ್ಣದ ನೆಪ ಹೂಡಿ ಮುಂಗಡದಲ್ಲಿ ಮನಬಂದಷ್ಟು ಮುರಿದುಕೊಳ್ಳುವುದು ಕಳ್ಳತನಕ್ಕೆ ಹತ್ತಿರದ್ದು. ಅದು ನಿಮ್ಮಲ್ಲಿ ಇಟ್ಟ ನಂಬಿಕೆಯ ಹಣ, ನಿಮ್ಮ ಗಳಿಕೆಯಲ್ಲ.

ಒಡೆತನವೆಂಬುದೇ ಒಂದು ಬಗೆಯ ನಂಬಿಕೆಯ ಹೊಣೆಯೆಂದು ನಮ್ಮ ಸ್ವಂತ ಅನುಭವವೂ ಹೇಳುತ್ತದೆ. ಈ ಮಠದ ಕಟ್ಟಡ, ಹೊಲ, ಪ್ರಸಾದನಿಲಯಗಳ ಕಾಗದಪತ್ರಗಳ ಮೇಲೆ ನಮ್ಮ ಸಹಿಯಿದೆ. ಆದರೆ ಒಂದು ಇಟ್ಟಿಗೆಯೂ ನಮ್ಮದಲ್ಲ. ಹಿಂದಿನ ಗುರುಗಳು ಕೊಟ್ಟರು, ಮುಂದಿನವರಿಗೆ ಒಪ್ಪಿಸಬೇಕು. ನಡುವೆ ನಾವು ಕಾವಲಿಗಿದ್ದೇವೆ. ನಿಮ್ಮ ಮನೆಯ ಮಾತೂ ಇದಕ್ಕಿಂತ ಬಹಳ ಬೇರೆಯಲ್ಲ. ಪತ್ರ ನಿಮ್ಮ ಹೆಸರಿನಲ್ಲಿದ್ದರೂ ಅದನ್ನು ಶಿವನಿಗೆ ಅರ್ಪಿಸಿ ಅನುಭವಿಸಿದಾಗ ಪದಾರ್ಥವು ಪ್ರಸಾದವಾಗುತ್ತದೆ. ಪ್ರಸಾದವನ್ನು ಯಾರೂ ತಮಗೊಬ್ಬರಿಗೇ ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಕೊಳ್ಳುವುದು ಯಾವಾಗ? ಕೆಲಸ ನೆಲೆಗೊಂಡು, ಆ ಊರಿನಲ್ಲಿ ಎಂಟು ಹತ್ತು ವರ್ಷವಾದರೂ ಇರುವ ಕಾರಣಗಳು ಸ್ಪಷ್ಟವಾದಾಗ. ಕಂತು ಕಟ್ಟಿದ ಮೇಲೂ ಮನೆಯ ಖರ್ಚಿಗೆ, ಹಿರಿಯರ ಔಷಧಿಗೆ, ಕೈಲಾದ ದಾಸೋಹಕ್ಕೆ ಹಣ ಉಳಿಯುವಾಗ. ಆಪತ್ತಿಗೆ ಆರು ತಿಂಗಳ ಖರ್ಚು ಬೇರೆಯಾಗಿ ಇರುವಾಗ. ಹೆತ್ತವರ ಅನ್ನವನ್ನು ಮುಟ್ಟದೆ ಮೊದಲ ಹಣ ಹೊಂದುವಾಗ. ಗಂಡ ಹೆಂಡತಿ ಇಬ್ಬರೂ ಲೆಕ್ಕವನ್ನು ಕೂಡಿ ಕುಳಿತು ನೋಡಿ ಒಪ್ಪಿದಾಗ. ಈ ಮಾತುಗಳು ಕೂಡಿಬಂದರೆ ನಿಶ್ಚಿಂತೆಯಿಂದ ಕೊಳ್ಳಿರಿ. ಗೃಹಪ್ರವೇಶಕ್ಕೆ ನಾವೇ ಬರುತ್ತೇವೆ. ಕೂಡಿಬರುವವರೆಗೆ ಬಾಡಿಗೆ ಮನೆಯಲ್ಲಿ ತಲೆಯೆತ್ತಿ ಬಾಳಿರಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿದ ಹಿರಿಯರು ಎರಡಕ್ಕೂ ಅವಸರ ಬೇಡವೆಂದೇ ಹೇಳಿದ್ದಾರೆಂದು ನಾವು ತಿಳಿಯುತ್ತೇವೆ.

ಆ ದಿನ ತಂದೆ ಮಗನಿಗೆ ಹೇಳಿದ ನಾಲ್ಕು ಮಾತು ಇವೇ: ಹೊಲ ಮಾರಬೇಡಿರಿ. ಮೂರು ವರ್ಷ ಬಾಡಿಗೆಗೆ ಇರಲಿ. ಕಂತಿಗೆ ಹೋಗಬಹುದಾಗಿದ್ದ ಹೆಚ್ಚಿನ ಹಣವನ್ನು ತಪ್ಪದೆ ತಿಂಗಳ ಮೊದಲಿಗೇ ಬೇರೆ ತೆಗೆದಿಡಲಿ. ಹಾಗೆ ಇಡದೆ ಖರ್ಚು ಮಾಡುವವನಿಗೆ ಈ ಉಪದೇಶ ವ್ಯರ್ಥ. ಮೂರು ವರ್ಷದ ಮೇಲೆ ಮತ್ತೆ ಬನ್ನಿರಿ. ಮಗನ ಮುಖ ಹಗುರವಾಯಿತು. ತಂದೆಗೆ ಪೂರ್ತಿ ಸಮಾಧಾನವಾಗಲಿಲ್ಲ. ಏಳುವಾಗ ಅವರು ಒಂದು ಮಾತು ಹೇಳಿದರು: “ನಿಮಗೇನ್ರಿ ಅಜ್ಜಾರ, ಮಠದ ಮಾಳಿಗಿ ಐತಿ.” ಆ ಮಾತಿನಲ್ಲಿ ಸತ್ಯವಿದೆ. ಸೂರಿನ ಚಿಂತೆಯಿಲ್ಲದವನು ಸೂರಿನ ಬಗ್ಗೆ ಉಪದೇಶ ಮಾಡುವುದು ಸುಲಭ. ಅದಕ್ಕೆ ನಾವು ಉತ್ತರ ಕೊಡಲಿಲ್ಲ, ಈಗಲೂ ಕೊಡುವುದಿಲ್ಲ. ನಮ್ಮ ಮಾತನ್ನು ತೂಗಿ ನೋಡುವಾಗ ಇದನ್ನೂ ತಕ್ಕಡಿಗೆ ಹಾಕಿರಿ ಎಂದಷ್ಟೇ ಕೇಳಿಕೊಳ್ಳುತ್ತೇವೆ. ಅವರು ಹೊಲ ಮಾರಲಿಲ್ಲವೆಂದು ಆಮೇಲೆ ತಿಳಿಯಿತು.

ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದ ಕಾಲವನ್ನು ನೆನೆಯಿರಿ. ಚೆನ್ನಬಸವಣ್ಣನವರೊಡನೆ ಉಳವಿಯ ಕಾಡಿನ ದಾರಿ ಹಿಡಿದವರು ತಮ್ಮ ಮನೆಗಳನ್ನು ಹಾಗೆಯೇ ಬಿಟ್ಟು ನಡೆದರು. ಹೊತ್ತು ತಂದದ್ದು ವಚನದ ಕಟ್ಟುಗಳನ್ನು. ಎಂಟುನೂರು ವರ್ಷಗಳ ಮೇಲೆಯೂ ನಮಗೆ ಉಳಿದಿರುವುದು ಆ ಕಟ್ಟುಗಳು. ಕಲ್ಯಾಣದಲ್ಲಿ ಯಾರ ಮನೆ ಎಷ್ಟು ಅಂಕಣದ್ದಾಗಿತ್ತೆಂಬುದನ್ನು ಯಾರೂ ಕೇಳುವುದಿಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟು ಹೋಗುವ ನಮ್ಮ ಮಕ್ಕಳು ಎಲ್ಲಿಯೇ ಇರಲಿ, ಬಾಡಿಗೆಯ ಮನೆಯಲ್ಲಿರಲಿ ಸ್ವಂತ ಮನೆಯಲ್ಲಿರಲಿ, ಕೊರಳಿನ ಲಿಂಗವನ್ನೂ ಕೈಯ ಕಾಯಕವನ್ನೂ ಬಿಡದಿರಲಿ. ‘ಇಲ್ಲ’ ಎನ್ನಬೇಕಾದಲ್ಲಿ ಇಲ್ಲವೆನ್ನುವ ಶಕ್ತಿಯನ್ನು ಯಾವ ಕಂತಿಗೂ ಒತ್ತೆಯಿಡದಿರಲಿ ಎಂದು ಗುರುಪರಂಪರೆಯನ್ನು ಪ್ರಾರ್ಥಿಸಿ ಹಾರೈಸುತ್ತೇವೆ.

ಸರ್ವರಿಗೂ ಶುಭವಾಗಲಿ.